ಹೋಮ್‌ಸ್ಟೇಗೊಂದು ವೆಬ್‌ಸೈಟ್: ಎಐ ಎಲ್ಲಿಯವರೆಗೆ ಮಾಡಿಕೊಡುತ್ತದೆ, ಎಲ್ಲಿಂದ ನಮ್ಮ ಕೆಲಸ

ಗೋಕರ್ಣದ ಹೋಮ್‌ಸ್ಟೇ ಮಾಲೀಕರು, ಶಿರಸಿ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುವವರು, ಹೊನ್ನಾವರದಲ್ಲಿ ಶರಾವತಿಯ ಮೇಲೆ ದೋಣಿ ಬಿಡುವವರು, ಎಲ್ಲರ ಫೋನಿಗೂ ಈಗ ಒಂದೇ ಬಗೆಯ ಜಾಹೀರಾತು ಬರುತ್ತಿದೆ. ನಾಲ್ಕು ಸಾಲು ಬರೆದುಕೊಡಿ, ಐದು ನಿಮಿಷದಲ್ಲಿ ಎಐ ನಿಮ್ಮ ವೆಬ್‌ಸೈಟ್ ಕಟ್ಟಿಕೊಡುತ್ತದೆ ಎಂಬ ಜಾಹೀರಾತು.

ಈ ಮಾತು ಸುಳ್ಳಲ್ಲ. ಅಷ್ಟು ಹೊತ್ತಿನಲ್ಲಿ ಚೆಂದದ ಪುಟವೊಂದು ಪರದೆಯ ಮೇಲೆ ಬಂದೇ ಬರುತ್ತದೆ. ಆದರೆ ಶಿವರಾತ್ರಿಯ ವಾರ ಒಂದೇ ಕೋಣೆ ಇಬ್ಬರಿಗೆ ಬುಕ್ ಆಗಬಾರದು. ಅತಿಥಿ ಕಳಿಸಿದ ಹಣ ನಡುವೆ ಕಾಣೆಯಾಗಬಾರದು. ಹಳೇ ಫೋನಿನಲ್ಲೂ ಕನ್ನಡದ ಒತ್ತಕ್ಷರ ತುಂಡಾಗದೆ ಕಾಣಬೇಕು. ಜಾಹೀರಾತಿನ ಐದು ನಿಮಿಷದಲ್ಲಿ ಈ ಕೆಲಸಗಳು ಸೇರಿಲ್ಲ. ಅವು ಯಾವುವು, ಏಕೆ ಕಷ್ಟ, ಎಐ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಬುಡದಿಂದ ನೋಡೋಣ.

## ಮುಮ್ಮೇಳ, ಹಿಮ್ಮೇಳ

ಯಕ್ಷಗಾನದಲ್ಲಿ ರಂಗಸ್ಥಳದ ಮೇಲೆ ಕುಣಿಯುವವರು ಮುಮ್ಮೇಳ. ಹಿಂದೆ ಕುಳಿತ ಭಾಗವತರು, ಮದ್ದಲೆ, ಚಂಡೆಯವರು ಹಿಮ್ಮೇಳ. ವೆಬ್‌ಸೈಟಿಗೂ ಹೀಗೇ ಎರಡು ಪಾಲು. ನೋಡುವವರ ಫೋನಿನಲ್ಲಿ, ಅಂದರೆ ಕ್ರೋಮ್‌ನಂಥ ಬ್ರೌಸರಿನಲ್ಲಿ ಕಾಣುವ ಪಾಲಿಗೆ ಫ್ರಂಟ್‌ಎಂಡ್ ಎನ್ನುತ್ತಾರೆ. ಅದರಲ್ಲಿ ಮೂರು ಭಾಷೆಗಳ ಕೆಲಸವಿದೆ. ತಲೆಬರಹ ಎಲ್ಲಿ, ಚಿತ್ರ ಎಲ್ಲಿ, ಫಾರ್ಮ್ ಎಲ್ಲಿ ಎಂದು ಹೇಳುವುದು ಎಚ್‌ಟಿಎಂಎಲ್. ಅದಕ್ಕೆ ಬಣ್ಣ, ಅಳತೆ, ಅಂದರೆ ವೇಷ ಕಟ್ಟುವುದು ಸಿಎಸ್‌ಎಸ್. ದಿನಾಂಕ ಆರಿಸಿದ ಕೂಡಲೇ ದರ ಬದಲಾಗುವಂಥ ಕುಣಿತವೆಲ್ಲ ಜಾವಾಸ್ಕ್ರಿಪ್ಟ್.

ಹಿಮ್ಮೇಳಕ್ಕೆ ಬ್ಯಾಕ್‌ಎಂಡ್ ಎಂದು ಹೆಸರು. ದೂರದೂರಿನಲ್ಲಿ ಹಗಲೂ ರಾತ್ರಿ ಚಾಲೂ ಇರುವ ಸರ್ವರ್ ಎಂಬ ಕಂಪ್ಯೂಟರ್, ಅದರಲ್ಲಿ ಓಡುವ ಪ್ರೋಗ್ರಾಂ, ಮತ್ತು ಡೇಟಾಬೇಸ್ ಎಂಬ ಲೆಕ್ಕದ ಪುಸ್ತಕ ಸೇರಿ ಹಿಮ್ಮೇಳ. ಯಾವ ಕೋಣೆ ಯಾರಿಗೆ ಹೋಯಿತು, ಎಷ್ಟು ಹಣ ಬಂತು ಎಂಬುದಕ್ಕೆ ಆ ಪುಸ್ತಕವೇ ಸಾಕ್ಷಿ.

ಜಾಹೀರಾತು ತೋರಿಸುವುದು ಮುಮ್ಮೇಳವನ್ನು ಮಾತ್ರ. ನಾಲ್ಕು ಫೋಟೋ, ಫೋನ್ ನಂಬರ್, ವಾಟ್ಸಾಪ್ ಬಟನ್, ಗೂಗಲ್ ಮ್ಯಾಪಿನ ಕೊಂಡಿ ಇಷ್ಟೇ ಬೇಕಿದ್ದರೆ ಹಿಮ್ಮೇಳವೇ ಬೇಡ. ಆ ಕೆಲಸಕ್ಕೆ ಎಐ ಧಾರಾಳವಾಗಿ ಸಾಕು, ಉತ್ತರ ಕನ್ನಡ ಜಿಲ್ಲೆಯ ಅನೇಕ ಸಣ್ಣ ಹೋಮ್‌ಸ್ಟೇಗಳಿಗೆ ಬೇಕಿರುವುದೂ ಅಷ್ಟೇ. ಬುಕಿಂಗ್, ಹಣ, ಲಾಗಿನ್ ಈ ಮೂರರಲ್ಲಿ ಒಂದು ಒಳಗೆ ಬಂದರೂ ಲೆಕ್ಕ ಬದಲಾಗುತ್ತದೆ.

## ಹೆಸರು, ಜಾಗ, ಬೀಗ

ವೆಬ್‌ಸೈಟಿನ ವಿಳಾಸಕ್ಕೆ ಡೊಮೇನ್ ಎನ್ನುತ್ತಾರೆ. ಅದನ್ನು ಖರೀದಿಸುವುದಿಲ್ಲ, ವರ್ಷದ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುತ್ತೇವೆ. ಮೊದಲ ವರ್ಷ ನೂರಿನ್ನೂರು ರೂಪಾಯಿಗೆ ಸಿಕ್ಕ ಹೆಸರು ನವೀಕರಣದ ಹೊತ್ತಿಗೆ ಹಲವು ಪಟ್ಟು ಏರುವುದುಂಟು. ಅವಧಿ ಮೀರಿ ಕೊಟ್ಟ ಕಾಲಾವಕಾಶವೂ ಮುಗಿದರೆ ಅದೇ ಹೆಸರನ್ನು ಬೇರೆ ಯಾರು ಬೇಕಾದರೂ ಹಿಡಿಯಬಹುದು. ಪುಟಗಳನ್ನು ಇಡಲು ಸರ್ವರಿನಲ್ಲಿ ಪಡೆಯುವ ಜಾಗ ಹೋಸ್ಟಿಂಗ್. ಹೆಸರನ್ನೂ ಜಾಗವನ್ನೂ ಜೋಡಿಸುವ ವಿಳಾಸ ಪುಸ್ತಕ ಡಿಎನ್‌ಎಸ್.

ಡಿಎನ್‌ಎಸ್‌ನ ಒಂದೊಂದು ನಮೂದಿಗೂ ಒಂದು ಆಯಸ್ಸು ಇದೆ, ಸೆಕೆಂಡಿನ ಲೆಕ್ಕದಲ್ಲಿ. 86,400 ಎಂದಿದ್ದರೆ ಪೂರ್ತಿ ಒಂದು ದಿನ. ಹೋಸ್ಟಿಂಗ್ ಬದಲಿಸಿದ ದಿನ ಕಾರವಾರದಲ್ಲಿ ಹೊಸ ಪುಟ, ಹುಬ್ಬಳ್ಳಿಯಲ್ಲಿ ಹಳೇ ಪುಟ ಕಾಣುವುದು ಇದರಿಂದಲೇ. ಬದಲಿಸುವ ಹಿಂದಿನ ದಿನವೇ ಆ ಸಂಖ್ಯೆಯನ್ನು 300ಕ್ಕೆ ಇಳಿಸಿಟ್ಟರೆ ಗೊಂದಲ ಐದು ನಿಮಿಷಕ್ಕೆ ಇಳಿಯುತ್ತದೆ.

ಹಲವು ಬ್ರೌಸರುಗಳಲ್ಲಿ ವಿಳಾಸದ ಪಕ್ಕ ಕಾಣುವ ಬೀಗದ ಗುರುತು ಪ್ರಮಾಣಪತ್ರದ್ದು. ಅತಿಥಿ ತುಂಬಿದ ವಿವರವನ್ನು ದಾರಿಯಲ್ಲಿ ಯಾರೂ ಓದಲಾಗದು ಎಂದು ಅದರ ಅರ್ಥ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಇದನ್ನು ಉಚಿತವಾಗಿ ಕೊಡುತ್ತದೆ, ಬಾಳಿಕೆ ಹೆಚ್ಚೆಂದರೆ 90 ದಿನ. ಎಲ್ಲ ಪ್ರಮಾಣಪತ್ರಗಳ ಗರಿಷ್ಠ ಅವಧಿಯನ್ನು 2029ರ ಮಾರ್ಚ್ ಹೊತ್ತಿಗೆ 47 ದಿನಕ್ಕೆ ಇಳಿಸುವ ನಿರ್ಧಾರವೂ ಆಗಿದೆ. ನವೀಕರಣ ತಾನಾಗಿ ಆಗುವಂತೆ ಹೊಂದಿಸಿರುತ್ತಾರೆ, ನಿಜ. ಆದರೆ ನಡುವೆ ಹೋಸ್ಟಿಂಗ್ ಬದಲಾಗಿ ಆ ಏರ್ಪಾಡು ತಪ್ಪಿದ್ದರೆ, ಒಂದು ಬೆಳಿಗ್ಗೆ ಅತಿಥಿಗೆ ಕಾಣುವುದು ‘ಈ ತಾಣ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆಯ ಪುಟ.

## ಎಐ ಒಳಗೆ ನಡೆಯುವುದೇನು

ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಎಲ್ಲರಿಗೂ ತೆರೆದುಕೊಂಡಿತು. ಅದರ ಹಿಂದಿರುವುದು ಭಾಷಾ ಮಾದರಿ. ಅಪಾರ ಪ್ರಮಾಣದ ಬರಹವನ್ನೂ ಕೋಡನ್ನೂ (ಕಂಪ್ಯೂಟರಿಗೆ ಬರೆದ ಆದೇಶಗಳನ್ನೂ) ಓದಿಸಿ, ಇಷ್ಟು ಬಂದ ಮೇಲೆ ಮುಂದಿನ ತುಣುಕು ಯಾವುದು ಬರುವ ಸಂಭವ ಹೆಚ್ಚು ಎಂದು ಊಹಿಸಲು ಅದನ್ನು ಪಳಗಿಸಿರುತ್ತಾರೆ. ತುಣುಕಿಗೆ ಟೋಕನ್ ಎನ್ನುತ್ತಾರೆ. ಒಂದಾದ ಮೇಲೊಂದು ತುಣುಕು ಪೋಣಿಸುತ್ತ ಉತ್ತರ ಬೆಳೆಯುತ್ತದೆ.

ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಲೆಯನ್ನು ಹೋಲಿಕೆಗೆ ತಂದುಕೊಳ್ಳಬಹುದು. ಸಾವಿರ ಕೂಟ ಕೇಳಿದವರಿಗೆ ಕರ್ಣನ ಮಾತಿನ ಧಾಟಿ ನಾಲಿಗೆಯ ಮೇಲಿರುತ್ತದೆ, ಆ ಧಾಟಿಯಲ್ಲಿ ಎಷ್ಟು ಹೊತ್ತು ಬೇಕಾದರೂ ಅರ್ಥ ಹೇಳಬಲ್ಲರು. ವ್ಯತ್ಯಾಸ ಇಷ್ಟೇ: ಒಳ್ಳೆಯ ಅರ್ಥಧಾರಿಗೆ ಇವತ್ತಿನ ಪ್ರಸಂಗ ಯಾವುದು, ಪದ್ಯ ಎಲ್ಲಿಗೆ ಬಂತು ಎಂಬ ನೆನಪಿರುತ್ತದೆ. ಮಾದರಿಗೆ ಗಟ್ಟಿಯಾಗಿ ಬರುವುದು ಧಾಟಿ. ಪ್ರಸಂಗವನ್ನು ನಾವು ಎದುರಿಗಿಟ್ಟರೆ ಮಾತ್ರ ಅದಕ್ಕೆ ಗೊತ್ತು. ಇಡದಿದ್ದಲ್ಲಿ ಊಹೆಯಿಂದ ತುಂಬುತ್ತದೆ, ಅದೂ ಅದೇ ದೃಢ ಸ್ವರದಲ್ಲಿ.

ಹೀಗಾಗಿ ಜಗತ್ತಿನಲ್ಲಿ ಲಕ್ಷ ಸಲ ಬರೆದಾಗಿರುವ ಕೋಡ್, ಉದಾಹರಣೆಗೆ ಸಂಪರ್ಕದ ಫಾರ್ಮ್ ಅಥವಾ ಫೋಟೋ ಸಾಲು, ಅದರಿಂದ ಚೆನ್ನಾಗಿ ಬರುತ್ತದೆ. ನಮ್ಮಲ್ಲಿಗೆ ಮಾತ್ರ ಸೇರಿದ ವಿಷಯ ಬಂದಾಗ ಎಡವುತ್ತದೆ. ಶಿರಸಿಯ ಅಡಿಕೆ ದರ ತೋರಿಸುವ ಪುಟ ಬೇಕೆಂದು ಒಂದೇ ಸಾಲಿನಲ್ಲಿ ಕೇಳಿದರೆ ‘ಅಡಿಕೆ’ ಎಂಬ ಒಂದೇ ಕಾಲಂ ಬರಬಹುದು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂದು ಬೇರೆಬೇರೆ ದರ ಇರುತ್ತದೆ, ಕ್ವಿಂಟಲ್‌ಗೆ ಕನಿಷ್ಠ, ಗರಿಷ್ಠ ಎರಡೂ ಬೇಕು ಎಂದು ಹೇಳಬೇಕಾದವರು ನಾವೇ. ಇನ್ನು, ಮಾದರಿಯ ಓದು ಒಂದು ದಿನಾಂಕಕ್ಕೆ ನಿಂತಿರುತ್ತದೆ. ಆಮೇಲೆ ಬದಲಾದ ಕೋಡಿನ ಆದೇಶಗಳ ಜಾಗದಲ್ಲಿ ಹಳೆಯವನ್ನೇ ಕೊಡುವುದು ಸಾಮಾನ್ಯ.

ಬರೆದ ಕೋಡನ್ನು ತಾನೇ ಓಡಿಸಿ, ತಪ್ಪು ಬಂದರೆ ತಿದ್ದುವ ‘ಏಜೆಂಟ್’ ಸಾಧನಗಳೂ ಈಗ ಬಂದಿವೆ. ತಪ್ಪು ಖಂಡಿತ ಕಡಿಮೆಯಾಗುತ್ತದೆ. ಆದರೆ ಪರೀಕ್ಷಿಸಬೇಕೆಂದು ಹೊಳೆಯದ ತಪ್ಪನ್ನು ಅವೂ ಹಿಡಿಯಲಾರವು. ಮುಂದಿನ ಉದಾಹರಣೆಗಳೆಲ್ಲ ಅಂಥವೇ.

## ಒಂದೇ ಕೋಣೆ, ಇಬ್ಬರು ಅತಿಥಿಗಳು

ಬುಕಿಂಗ್ ಕೋಡ್ ಸಾಮಾನ್ಯವಾಗಿ ಎರಡು ಹೆಜ್ಜೆ ಇಡುತ್ತದೆ. ಆ ದಿನ ಕೋಣೆ ಖಾಲಿ ಇದೆಯೇ ಎಂದು ಡೇಟಾಬೇಸ್ ನೋಡುವುದು ಮೊದಲನೆಯದು, ಖಾಲಿ ಇದ್ದರೆ ಹೆಸರು ಬರೆಯುವುದು ಎರಡನೆಯದು. ಓದಲು ಸರಿಯಾಗಿಯೇ ಇದೆ. ಒಬ್ಬರೇ ಕುಳಿತು ನೂರು ಸಲ ಪರೀಕ್ಷಿಸಿದರೂ ಸರಿಯಾಗಿಯೇ ನಡೆಯುತ್ತದೆ.

ಕಷ್ಟ ಇರುವುದು ಎರಡು ಹೆಜ್ಜೆಗಳ ನಡುವಿನ ಸಂದಿನಲ್ಲಿ. ಬೆಂಗಳೂರಿನವರು ನೋಡಿದಾಗಲೂ ಕೋಣೆ ಖಾಲಿ, ಅದೇ ಕ್ಷಣ ಹುಬ್ಬಳ್ಳಿಯವರು ನೋಡಿದಾಗಲೂ ಖಾಲಿ. ಇಬ್ಬರ ಹೆಸರನ್ನೂ ಕೋಡ್ ಬರೆಯುತ್ತದೆ. ಸಂದು ಕೆಲವೇ ಮಿಲಿಸೆಕೆಂಡ್ ಇದ್ದಾಗ ವರ್ಷವಿಡೀ ತೊಂದರೆ ಕಾಣದಿರಬಹುದು. ನಡುವೆ ಹಣ ಕಟ್ಟುವ ಹೆಜ್ಜೆ ಬಂದರೆ ಅದು ಐದು ನಿಮಿಷಕ್ಕೆ ಹಿಗ್ಗುತ್ತದೆ. ಆಗ ಗೋಕರ್ಣದ ಶಿವರಾತ್ರಿಯಲ್ಲೋ, ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲೋ ಇದು ಆಗಿಯೇ ತೀರುತ್ತದೆ.

ಪರಿಹಾರ ಕೋಡಿಗಿಂತ ಕೆಳಗೆ, ಡೇಟಾಬೇಸಿನಲ್ಲೇ ಇರಬೇಕು. ಕೋಣೆಯ ಸಂಖ್ಯೆ ಮತ್ತು ರಾತ್ರಿಯ ದಿನಾಂಕ ಎರಡೂ ಸೇರಿದ ಜೋಡಿ ಪುಸ್ತಕದಲ್ಲಿ ಎರಡು ಸಲ ಬರಕೂಡದು ಎಂಬ ನಿಯಮ ಹಾಕಿದರೆ ಎರಡನೇ ಬರಹವನ್ನು ಡೇಟಾಬೇಸೇ ತಿರಸ್ಕರಿಸುತ್ತದೆ. ಹಣ ಕಟ್ಟುವವರಿಗಾಗಿ ಕೋಣೆಯನ್ನು 10 ನಿಮಿಷ ಹಿಡಿದಿಟ್ಟು, ಹಣ ಬಾರದಿದ್ದರೆ ಬಿಟ್ಟುಬಿಡುವ ಏರ್ಪಾಡೂ ಜೊತೆಗೆ ಬೇಕು. ಇದನ್ನೇ ಹೆಸರಿಟ್ಟು ಕೇಳಿದರೆ ಎಐ ಸರಿಯಾಗಿ ಬರೆದುಕೊಡುತ್ತದೆ. ಕೇಳಬೇಕೆಂದು ತಿಳಿದಿರುವುದೇ ಇಲ್ಲಿನ ವಿದ್ಯೆ.

ದಿನಾಂಕದ್ದು ಇನ್ನೊಂದು ಗೋಳು. 14ಕ್ಕೆ ಬಂದು 16ಕ್ಕೆ ಹೊರಡುವ ಅತಿಥಿಗೆ ಎರಡು ರಾತ್ರಿ. ಕೋಡ್ 16ನ್ನೂ ತುಂಬಿದೆ ಎಂದು ಎಣಿಸಿದರೆ ಪ್ರತಿ ಬುಕಿಂಗಿಗೂ ಒಂದು ರಾತ್ರಿಯ ಬಾಡಿಗೆ ಸದ್ದಿಲ್ಲದೆ ಹೋಗುತ್ತದೆ. ಬಹಳಷ್ಟು ಸರ್ವರ್‌ಗಳು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ನಡೆಯುತ್ತವೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ತಾಸು ಮುಂದೆ. ಹಾಗಾಗಿ ನಮ್ಮಲ್ಲಿ ನಡುರಾತ್ರಿಯಿಂದ ಬೆಳಗಿನ ಐದೂವರೆವರೆಗೆ ಸರ್ವರಿಗೆ ಇನ್ನೂ ನಿನ್ನೆಯೇ. ನಮ್ಮ 15ನೇ ತಾರೀಕಿನ ನಡುರಾತ್ರಿ ಹನ್ನೆರಡು ಗಂಟೆ ಅದರ ಲೆಕ್ಕದಲ್ಲಿ 14ರ ಸಂಜೆ ಆರೂವರೆ. ಬುಕಿಂಗ್ ಒಂದು ದಿನ ಹಿಂದೆ ಸರಿದಿದೆ ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಇದನ್ನು. ಬರುವ ದಿನವನ್ನು ಗಂಟೆ-ನಿಮಿಷವಿಲ್ಲದ ಬರೀ ದಿನಾಂಕವಾಗಿ ಉಳಿಸುವುದು ಸುಲಭದ ದಾರಿ.

## ದುಡ್ಡು ಹೋಯಿತು, ಬುಕಿಂಗ್ ಬರಲಿಲ್ಲ

ಅತಿಥಿ ದೇವಿಮನೆ ಘಟ್ಟ ಇಳಿಯುತ್ತ ಯುಪಿಐನಲ್ಲಿ ಮುಂಗಡ ಕಳಿಸುತ್ತಾರೆ. ಖಾತೆಯಿಂದ ಹಣ ಕಡಿತವಾಗುತ್ತದೆ. ‘ಧನ್ಯವಾದ’ ಎಂಬ ಪುಟಕ್ಕೆ ಮರಳುವಷ್ಟರಲ್ಲಿ ತಿರುವಿನಲ್ಲಿ ಸಿಗ್ನಲ್ ಹೋಗುತ್ತದೆ. ಆ ಪುಟ ತೆರೆದಾಗ ಮಾತ್ರ ಬುಕಿಂಗ್ ದಾಖಲಾಗುವಂತೆ ಕೋಡ್ ಇದ್ದರೆ, ಹಣ ನಿಮ್ಮ ಖಾತೆಯಲ್ಲಿ, ಕೋಣೆ ಮಾತ್ರ ಇನ್ನೂ ಖಾಲಿ.

ಪಾವತಿ ಕಂಪನಿಗಳು ಇದಕ್ಕೆಂದೇ ಇನ್ನೊಂದು ದಾರಿ ಇಟ್ಟಿವೆ. ಹಣ ಬಂದಾಗ ಅವರ ಸರ್ವರ್ ನಮ್ಮ ಸರ್ವರಿಗೆ ನೇರವಾಗಿ ಸಂದೇಶ ಕಳಿಸುತ್ತದೆ. ಅದಕ್ಕೆ ವೆಬ್‌ಹುಕ್ ಎಂದು ಹೆಸರು. ಅತಿಥಿಯ ಫೋನ್ ಬಂದ್ ಆದರೂ ಅದು ತಲುಪುತ್ತದೆ. ಬುಕಿಂಗ್ ದಾಖಲಾಗಬೇಕಾದದ್ದು ಇದರ ಆಧಾರದ ಮೇಲೆ. ಸಂದೇಶದ ಜೊತೆಗಿರುವ ಡಿಜಿಟಲ್ ಸಹಿಯನ್ನು ಪರಿಶೀಲಿಸಬೇಕು, ಇಲ್ಲವಾದರೆ ಯಾರು ಬೇಕಾದರೂ ‘ಹಣ ಬಂತು’ ಎಂದು ಸುಳ್ಳು ಸಂದೇಶ ಕಳಿಸಬಹುದು. ಒಂದೇ ಸಂದೇಶ ಎರಡು ಸಲ ಬರುವುದೂ ಉಂಟು, ಆಗ ಎರಡು ಬುಕಿಂಗ್ ಆಗಕೂಡದು.

ದರದ ಲೆಕ್ಕ ಎಲ್ಲಿ ನಡೆಯುತ್ತದೆ ಎಂಬುದೂ ಮುಖ್ಯ. ಬ್ರೌಸರಿಗೆ ಹೋದ ಕೋಡನ್ನು ನೋಡುವವರು ಓದಬಹುದು, ತಿದ್ದಲೂಬಹುದು. 3,000 ರೂಪಾಯಿಯ ಲೆಕ್ಕ ಅಲ್ಲೇ ಮುಗಿದರೆ, ತಿಳಿದವರೊಬ್ಬರು ಅದನ್ನು 3 ಎಂದು ತಿದ್ದಿ ಕಳಿಸಬಹುದು. ಪಾವತಿ ಕಂಪನಿ ಕೊಟ್ಟ ಗುಪ್ತ ಕೀಲಿಯನ್ನು ಬ್ರೌಸರಿನ ಕೋಡಿನಲ್ಲಿ ಬಿಡುವುದು ಮನೆಯ ಬೀಗದಕೈಯನ್ನು ಜಗುಲಿಯ ಗೂಟಕ್ಕೆ ತೂಗುಹಾಕಿದಂತೆ. ಬೇಗ ಕೆಲಸ ನಡೆಯಲಿ ಎಂದು ಎಐ ಬರೆದ ಕೋಡಿನಲ್ಲಿ ಈ ಎರಡೂ ತಪ್ಪು ಕಾಣಸಿಗುತ್ತವೆ, ಅವಸರದ ಮನುಷ್ಯರು ಬರೆದದ್ದರಲ್ಲೂ.

## ಕನ್ನಡ ಮುರಿಯುವುದೇಕೆ

ಕಂಪ್ಯೂಟರ್ ಅಕ್ಷರವನ್ನು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಜಗತ್ತಿನ ಹೆಚ್ಚುಕಡಿಮೆ ಎಲ್ಲ ಲಿಪಿಗಳಿಗೂ ಸಂಖ್ಯೆ ಕೊಟ್ಟ ಪಟ್ಟಿ ಯೂನಿಕೋಡ್, ಅದರಲ್ಲಿ ಕನ್ನಡಕ್ಕೆ 128 ಮನೆಗಳಿವೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು ಸ, ವಿರಾಮ (ಅರ್ಧಾಕ್ಷರದ ಗುರುತು), ತ, ವಿರಾಮ, ರ, ದೀರ್ಘ ಈ ಎಂದು ಆರು ಸಂಕೇತ. ಒಂದೊಂದಕ್ಕೆ 3 ಬೈಟ್, ಒಟ್ಟು 18.

ಈ ಎಣಿಕೆಯಿಂದ ಹಲವು ತೊಡಕು. ‘20 ಅಕ್ಷರ ಮಾತ್ರ ತೋರಿಸು’ ಎಂಬ ಕೋಡ್ ಒತ್ತಕ್ಷರದ ನಡುವೆಯೇ ಕತ್ತರಿಸುತ್ತದೆ. ಎ ಇಂದ ಝಡ್‌ವರೆಗಿನ ಇಂಗ್ಲಿಷ್ ಅಕ್ಷರ ಮಾತ್ರ ಒಪ್ಪುವ ಫಾರ್ಮ್ ‘ಗಣಪತಿ’ ಎಂದು ಬರೆದ ಹೆಸರನ್ನು ತಪ್ಪೆನ್ನುತ್ತದೆ. ಇಂಗ್ಲಿಷಿಗೆಂದು ಹೆಣೆದ ವಿನ್ಯಾಸದಲ್ಲಿ ಸಾಲುಗಳ ಅಂತರ ಅಕ್ಷರದ ಅಳತೆಯ 1.2 ಪಟ್ಟು ಇದ್ದರೆ ಕೆಳಗಿನ ಒತ್ತು ಮುಂದಿನ ಸಾಲಿಗೆ ತಾಗುತ್ತದೆ. ಕನ್ನಡಕ್ಕೆ 1.6ರಿಂದ 1.7 ಇಡುವುದು ಒಳ್ಳೆಯದು. ಇಂಗ್ಲಿಷ್ ಎಸ್‌ಎಂಎಸ್ ಒಂದಕ್ಕೆ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಸಂಕೇತಕ್ಕೇ ಮುಗಿಯುತ್ತದೆ. ಬುಕಿಂಗ್ ಖಚಿತವಾದ ಸಂದೇಶವನ್ನು ಕನ್ನಡದಲ್ಲಿ ಕಳಿಸುವವರು ಈ ಖರ್ಚನ್ನು ಮೊದಲೇ ಲೆಕ್ಕ ಹಾಕಬೇಕು.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ ಕೈಯಲ್ಲಿದ್ದರೆ ಅದನ್ನು ನೇರ ಅಂಟಿಸಬಾರದು. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟುಗಳು, ಫಾಂಟ್ ಇಲ್ಲದ ಫೋನಿನಲ್ಲಿ ಅರ್ಥವಿಲ್ಲದ ಗುರುತುಗಳ ಸಾಲು ಕಾಣುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಪರಿವರ್ತನೆಯಲ್ಲಿ ಅರ್ಕಾವೊತ್ತು ಜಾಗ ತಪ್ಪುವುದು ಹೆಚ್ಚು, ಆದ್ದರಿಂದ ಕಣ್ಣಿಟ್ಟು ಓದಿಯೇ ಹಾಕಬೇಕು.

## ಫೋಟೋಗಳ ಭಾರ

ಫೋನಿನಲ್ಲಿ ತೆಗೆದ ಫೋಟೋ 4 ರಿಂದ 5 ಎಂಬಿ ಇರುತ್ತದೆ. ಹತ್ತು ಫೋಟೋ ಹಾಗೆಯೇ ಹಾಕಿದರೆ 45 ಎಂಬಿ. ಮಳೆಗಾಲದಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ಸಿಗುವ ಕಡೆ ಪುಟ ಪೂರ್ತಿ ತೆರೆಯಲು ಮೂರು ನಿಮಿಷ ಬೇಕು. ಅಗಲವನ್ನು 1,200 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಮಾದರಿಯಲ್ಲಿ ಉಳಿಸಿದರೆ ಒಂದೊಂದು ಸುಮಾರು 150 ಕೆಬಿಗೆ ಬರುತ್ತದೆ, ಹತ್ತೂ ಸೇರಿ ಆರು ಸೆಕೆಂಡ್. ಫೋನಿನ ಪರದೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಹೀಗೆ ಒಟ್ಟಿಗೆ ಕುಗ್ಗಿಸುವ ಪುಟ್ಟ ಪ್ರೋಗ್ರಾಂ ಬರೆಸಲು ಎಐ ತುಂಬ ಒಳ್ಳೆಯ ಸಾಧನ.

## ಯಾರೋ ಬರೆದ ಹನ್ನೊಂದು ಸಾಲು

ಇವತ್ತಿನ ವೆಬ್‌ಸೈಟುಗಳನ್ನು ಯಾರೂ ಪೂರ್ತಿ ತಾವೇ ಬರೆಯುವುದಿಲ್ಲ. ಬೇರೆಯವರು ಬರೆದು ಹಂಚಿದ ಕೋಡಿನ ಕಟ್ಟುಗಳ, ಅಂದರೆ ಪ್ಯಾಕೇಜುಗಳ ಮೇಲೆ ಕಟ್ಟುತ್ತಾರೆ, ಆ ಪ್ಯಾಕೇಜುಗಳು ಇನ್ನಷ್ಟು ಪ್ಯಾಕೇಜುಗಳ ಮೇಲೆ ನಿಂತಿರುತ್ತವೆ. 2016ರ ಮಾರ್ಚ್‌ನಲ್ಲಿ ‘ಲೆಫ್ಟ್‌ಪ್ಯಾಡ್’ ಎಂಬ 11 ಸಾಲಿನ ಪ್ಯಾಕೇಜನ್ನು ಬರೆದವರು ವಾಪಸ್ ತೆಗೆದುಕೊಂಡರು. ಅದರ ಮೇಲೆ ನಿಂತಿದ್ದ ಸಾವಿರಾರು ಯೋಜನೆಗಳ ಕೆಲಸ ಆ ಹೊತ್ತಿಗೆ ನಿಂತಿತು. ಕಾಲುಸಂಕದ ಒಂದು ಅಡಿಕೆ ಮರ ಲಡ್ಡಾಗಿ ಮುರಿದರೆ ಆಚೆ ದಡದ ಮನೆಗಳಿಗೆಲ್ಲ ದಾರಿ ಬಂದ್ ಆಗುವಂತೆ.

ಎಐ ಇದಕ್ಕೊಂದು ಹೊಸ ಅಪಾಯ ಸೇರಿಸಿದೆ. ಇಲ್ಲದ ಪ್ಯಾಕೇಜಿನ ಹೆಸರನ್ನು ಅದು ಕೆಲವೊಮ್ಮೆ ಇದೆಯೆಂಬಂತೆ ಬರೆಯುತ್ತದೆ. 16 ಮಾದರಿಗಳಿಂದ 5,76,000 ಕೋಡ್ ತುಣುಕು ಬರೆಸಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಸೂಚಿಸಿದ ಪ್ಯಾಕೇಜುಗಳಲ್ಲಿ ಶೇ 19.7ರಷ್ಟು ಅಸ್ತಿತ್ವದಲ್ಲೇ ಇರಲಿಲ್ಲ. ಹಣ ಕೊಟ್ಟು ಬಳಸುವ ಮಾದರಿಗಳಲ್ಲಿ ಇದು ಶೇ 5ರ ಆಸುಪಾಸು. ಅಂಥ ಹೆಸರಿನಲ್ಲಿ ದುರುದ್ದೇಶದವರು ನಿಜವಾಗಿಯೇ ಪ್ಯಾಕೇಜ್ ಇಟ್ಟರೆ, ನೋಡದೆ ಹಾಕಿಕೊಂಡವರ ಸರ್ವರ್ ಅವರ ಕೈಗೆ ಹೋಗುತ್ತದೆ.

## ವೇಗದ ಲೆಕ್ಕ

ಎಂಇಟಿಆರ್ ಎಂಬ ಸಂಸ್ಥೆ 2025ರಲ್ಲಿ 16 ಅನುಭವಿ ಪ್ರೋಗ್ರಾಮರುಗಳ 246 ಕೆಲಸಗಳನ್ನು ಗಡಿಯಾರ ಹಿಡಿದು ಅಳೆಯಿತು. ಕೆಲವಕ್ಕೆ ಎಐ ಬಳಸಲು ಬಿಟ್ಟಿತು, ಕೆಲವಕ್ಕೆ ಬಿಡಲಿಲ್ಲ. ಎಐ ಇದ್ದರೆ ಶೇ 24ರಷ್ಟು ಬೇಗ ಮುಗಿಯಬಹುದೆಂದು ಅವರು ಮೊದಲು ಅಂದಾಜಿಸಿದ್ದರು, ಮುಗಿದ ಮೇಲೆ ಶೇ 20ರಷ್ಟು ಬೇಗ ಆಯಿತೆಂದರು. ಗಡಿಯಾರ ಹೇಳಿದ್ದು ಬೇರೆ: ಎಐ ಬಳಸಿದಾಗ ಶೇ 19ರಷ್ಟು ಹೆಚ್ಚು ಹೊತ್ತು ಹಿಡಿದಿತ್ತು. ಅವರೆಲ್ಲ ವರ್ಷಗಟ್ಟಲೆ ಪಳಗಿದ ತಮ್ಮದೇ ಯೋಜನೆಗಳಲ್ಲಿ, ಆ ವರ್ಷದ ಆರಂಭದ ಸಾಧನಗಳಿಂದ ಕೆಲಸ ಮಾಡಿದ್ದರು. ಹೊಸಬರ ಸಣ್ಣ ಪುಟಕ್ಕೆ ಈ ಸಂಖ್ಯೆಯನ್ನು ಹಾಗೇ ಹಚ್ಚಲಾಗದು. ಬೇಗ ಆಯಿತು ಎಂಬ ಅನಿಸಿಕೆಯೂ ನಿಜವಾದ ವೇಗವೂ ಒಂದೇ ಅಲ್ಲ ಎಂಬುದಂತೂ ಇದರಿಂದ ಖಚಿತ.

ಅದೇ ವರ್ಷದ ಜುಲೈನಲ್ಲಿ ಅಮೆರಿಕದ ಉದ್ಯಮಿಯೊಬ್ಬರ ಚಾಲ್ತಿಯಲ್ಲಿದ್ದ ಡೇಟಾಬೇಸನ್ನು ಎಐ ಏಜೆಂಟ್ ಅಳಿಸಿಹಾಕಿತು, ಏನನ್ನೂ ಬದಲಿಸಬೇಡ ಎಂದು ಹೇಳಿಟ್ಟಿದ್ದರೂ. ಮರಳಿ ಪಡೆಯಲಾಗದು ಎಂದೂ ಅದು ಹೇಳಿತು. ಆಮೇಲೆ ನೋಡಿದರೆ ಮರಳಿ ಪಡೆಯಲು ಸಾಧ್ಯವಿತ್ತು. ಏಜೆಂಟ್ ಕೈಗೆ ನಕಲನ್ನು ಕೊಡಬೇಕು, ಅಸಲನ್ನಲ್ಲ.

## ಹಣ ಕೊಡುವ ಮೊದಲು

ವೆಬ್‌ಸೈಟನ್ನು ಎಐ ಕಟ್ಟಿರಲಿ, ಕುಮಟೆಯ ಪರಿಚಯದ ಹುಡುಗ ಕಟ್ಟಿರಲಿ, ನೋಡಬೇಕಾದವು ಒಂದೇ. ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ ನೋಂದಣಿ ಆಗಿದೆಯೇ? ಒಟಿಪಿ ಯಾರ ನಂಬರಿಗೆ ಬರುತ್ತದೆ? ಕಟ್ಟಿದವರ ನಂಬರಿಗೆ ಬರುತ್ತಿದ್ದರೆ, ಅವರು ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋದ ದಿನ ವೆಬ್‌ಸೈಟೂ ಅವರ ಜೊತೆ ಹೋಯಿತೆಂದೇ ಲೆಕ್ಕ.

ಡೇಟಾಬೇಸಿನ ಬ್ಯಾಕಪ್ ಇದೆಯೇ ಎಂದು ಕೇಳಿದರೆ ಸಾಲದು. ಅದರಿಂದ ಒಮ್ಮೆ ಎಲ್ಲವನ್ನೂ ಮರಳಿ ನಿಲ್ಲಿಸಿ ತೋರಿಸಲು ಹೇಳಿ. ಇಬ್ಬರು ಎರಡು ಫೋನ್ ಹಿಡಿದು, ಕೊನೆಯ ಒಂದು ಕೋಣೆಯನ್ನು ‘ಈಗ’ ಎಂದು ಕೂಗಿ ಒಟ್ಟಿಗೆ ಒತ್ತಿ ನೋಡಿ. ಒಂದು ರೂಪಾಯಿಯ ಕೋಣೆ ಮಾಡಿಕೊಂಡು, ಹಣ ಕಟ್ಟಿದ ತಕ್ಷಣ ಡೇಟಾ ಬಂದ್ ಮಾಡಿ, ಬುಕಿಂಗ್ ದಾಖಲಾಯಿತೇ ಎಂದು ನೋಡಿ. ರಾತ್ರಿ ಹನ್ನೆರಡೂವರೆಗೆ ಅದೇ ದಿನಕ್ಕೆ ಒಂದು ಬುಕಿಂಗ್ ಮಾಡಿ, ಬೆಳಿಗ್ಗೆ ಎದ್ದು ದಿನಾಂಕ ಓದಿ. ಆಮೇಲೆ ಮನೆಯಲ್ಲಿರುವ ಎಲ್ಲಕ್ಕಿಂತ ಹಳೇ ಫೋನನ್ನು ಹಿಡಿದು, ವೈಫೈ ಆರಿಸಿ, ತೋಟದ ಕೆಳಗಿನ ತುದಿಗೆ ಹೋಗಿ, ಪುಟ ತೆರೆದು ಕನ್ನಡದಲ್ಲಿ ನಿಮ್ಮ ಹೆಸರು ತುಂಬಿ.